ರಸ್ತೆ ಬದಿಯ ಬೂದಿ ದಿಬ್ಬ ಹೇಳೋ ಕಥೆ: ಸಗಣಿಯಿಂದ ಸಮಾಜದವರೆಗೆ

ದರೋಜಿ ಅಂದ ತಕ್ಷಣ ನಿಮಗೆ ಕರಡಿಧಾಮ ನೆನಪಾಗುತ್ತೆ, ಬುರ್ರಕಥಾ ಈರಮ್ಮ ನೆನಪಾಗ್ತಾರೆ. ಇವತ್ತಿನ ಮಾತು ಮಾತ್ರ ಬೂದಿಯದ್ದು. ದರೋಜಿಯಿಂದ ಬಳ್ಳಾರಿ ಕಡೆ ಹೊರಟರೆ ಕುಡತಿನಿ ಸೀಮೆಯಲ್ಲಿ ರಸ್ತೆ ಪಕ್ಕದಲ್ಲೇ ಒಂದು ದೊಡ್ಡ ಬೂದಿ ದಿಬ್ಬ ಇದೆ. ಕರ್ನಾಟಕ, ಆಂಧ್ರ, ತೆಲಂಗಾಣದಲ್ಲಿ ಇಂಥವು ನೂರಕ್ಕೂ ಹೆಚ್ಚಿವೆ.

ಇಷ್ಟು ಬೂದಿ ಎಲ್ಲಿಂದ ಬಂತು? ಹಂಪಿ ಹತ್ತಿರದ ನಿಂಬಾಪುರದಲ್ಲಿ ಕೇಳಿದರೆ, ಅದು ವಾಲಿಯನ್ನು ಸುಟ್ಟ ಜಾಗ ಅಂತಾರೆ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್, ಇದು ವಿಜಯನಗರ ಕಾಲದ ಸಾಮೂಹಿಕ ಸತಿಯ ಬೂದಿ ಇರಬಹುದು ಅಂದ್ರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ದನದ ಸಗಣಿ ಸುಟ್ಟ ಬೂದಿ ಅಂತ ವಾದಿಸಿದ್ರು. ಯಾರು ಸರಿ? ಇಲ್ಲಿಂದ ವಿಜ್ಞಾನದ ಕೆಲಸ ಶುರು.

ಮೊದಲನೇದು ಸೂಕ್ಷ್ಮದರ್ಶಕ. ಹುಲ್ಲು ಬೆಳೆಯುವಾಗ ಮಣ್ಣಿನಿಂದ ಸಿಲಿಕಾ ಹೀರಿಕೊಳ್ಳುತ್ತೆ. ದನ ಹುಲ್ಲು ಮೇಯ್ದು ಸಗಣಿ ಹಾಕಿದರೂ, ಆ ಸಗಣಿ ಸುಟ್ಟರೂ ಸಿಲಿಕಾ ಉಳಿಯುತ್ತೆ. ಬೆಂಕಿ ಜೋರಾದರೆ ಕರಗಿ ಗಾಜಿನ ಥರ ಗಟ್ಟಿಯಾಗುತ್ತೆ. 1960ರ ಸುಮಾರಿಗೆ ಫ್ರೆಡರಿಕ್ ಜೋಯ್ನರ್ ಬಳ್ಳಾರಿ ಸೀಮೆಯ ಬೂದಿ ಪರೀಕ್ಷಿಸಿ, ಮೂಲ ಸಗಣಿಯೇ ಅಂತ ತೋರಿಸಿದ್ರು. ಅದಕ್ಕೂ ಮೊದಲು, 1957ರಲ್ಲಿ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದ ರೇಮಂಡ್ ಆಲ್ಚಿನ್‌ಗೆ ಬೇಲಿ ಗೂಟ ನೆಟ್ಟ ಗುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕಿದ್ವು. ಅಂದ್ರೆ ಅದು ದೊಡ್ಡಿ.

ಎರಡನೇದು ಕಾರ್ಬನ್ 14. ಜೀವ ಇರೋತನಕ ಗಿಡ, ಪ್ರಾಣಿ ಇದನ್ನು ಒಳಗೆ ತಗೊಳ್ತಾ ಇರುತ್ತೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತೆ. ಇದ್ದಿಲಿನಲ್ಲಿ ಎಷ್ಟು ಉಳಿದಿದೆ ಅಂತ ಅಳೆದರೆ ಕಾಲ ಗೊತ್ತಾಗುತ್ತೆ. ಬೂದಿ ದಿಬ್ಬಗಳು ಮೂರರಿಂದ ಐದು ಸಾವಿರ ವರ್ಷ ಹಳೇವು ಅಂತ ಗೊತ್ತಾಯ್ತು. ವಿಜಯನಗರ ಹುಟ್ಟಿದ್ದು 14ನೇ ಶತಮಾನದಲ್ಲಿ. ಸಿವೆಲ್ ಊಹೆ ಅಲ್ಲಿಗೆ ಮುಗೀತು.

ಮೂರನೇದಕ್ಕೆ ನೀರು ಸಾಕು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ, ಅಕ್ಕಿ ತೊಳೆಯುವಾಗ ಹೊಟ್ಟು ಮೇಲೆ ಬರೋ ಹಾಗೆ, ಸುಟ್ಟು ಕರಿಕಾದ ಕಾಳು ತೇಲುತ್ತೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಅವರ ತಂಡ ಹೀಗೆ ಸೋಸಿದಾಗ ಸಿಕ್ಕಿದ್ದು ಕೊರಲೆ, ಹುರುಳಿ, ಹೆಸರು. ಇವತ್ತು ಅಂಗಡಿಯಲ್ಲಿ 'ಸಿರಿಧಾನ್ಯ' ಅಂತ ಪ್ಯಾಕೆಟ್‌ನಲ್ಲಿ ಕೊಳ್ತೀವಲ್ಲ, ಅದೇ ಕೊರಲೆ ಆಗ ದಿನದ ಊಟ.

ಸರಿ, ಇದರಿಂದ ಸಮಾಜ ಹೇಗೆ ಕಾಣುತ್ತೆ? ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರಿಗೆ ಪ್ರಾಣಿ ಕಡಿದು ಮಾಂಸ ಮಾಡ್ತಿದ್ದ ನೆಲವೇ ಸಿಕ್ತು. ಒಂದು ಮನೆಗೆ ಅಷ್ಟು ಮಾಂಸ ಬೇಕಾಗಲ್ಲ. ಹಂಚಿಕೊಂಡು ಉಣ್ಣೋ ಜನ ಇದ್ರು. ಸಗಣಿಯನ್ನು ಗೊಬ್ಬರ ಮಾಡದೆ ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟಿದ್ದು ಯಾಕೆ? ಊರೆಲ್ಲ ಸೇರೋ ಹಬ್ಬದ ಬೆಂಕಿ ಇರಬಹುದು ಅಂತ ಆಲ್ಚಿನ್ ವಾದ. ಈಗಲೂ ನಮ್ಮ ಕಡೆ ಸಂಕ್ರಾಂತಿಗೆ ದನಕ್ಕೆ ಕಿಚ್ಚು ಹಾಯಿಸ್ತಾರೆ. ಹಾಗಂತ ಎರಡೂ ಒಂದೇ ಅನ್ನೋಕೆ ಬರಲ್ಲ. ಆದ್ರೆ ದನ ಮತ್ತು ಬೆಂಕಿ ಜನರನ್ನು ಒಟ್ಟಿಗೆ ಸೇರಿಸೋದು ನಮಗೆ ಹೊಸದಲ್ಲ.

ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಈ ದಿಬ್ಬ ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಕೆಳಗಿನ ಪದರ ಹಳೇ ವರ್ಷ, ಮೇಲಿನದು ಹೊಸ ವರ್ಷ. ಪುಟಗಳು ಅದಲುಬದಲಾದರೆ ಮೊತ್ತ ಸಿಕ್ಕರೂ ಲೆಕ್ಕ ಸಿಗಲ್ಲ. ಎಷ್ಟೋ ದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರ ಅಂತ ಹೇರಿಕೊಂಡು ಹೋಗಿದ್ದಾರೆ. ಸಂಗನಕಲ್ಲಿನ ಬೆಟ್ಟಕ್ಕೆ ಕಲ್ಲು ಗಣಿಗಾರಿಕೆಯ ಪೆಟ್ಟು ಬಿದ್ದಿದೆ. ರಾಜರಿಗೆ ಶಾಸನ ಇದೆ, ಗುಡಿ ಇದೆ. ದನ ಕಾಯ್ದ, ಕೊರಲೆ ಉಂಡ ಜನರಿಗೆ ಇರೋ ದಾಖಲೆ ಇದೊಂದೇ.

ಹೀಗಾಗಿ, ನಿಮ್ಮೂರಿನಲ್ಲಿ ಇಂಥ ದಿಬ್ಬ ಇದ್ದರೆ ಅಗೀಬೇಡಿ. ಫೋಟೊ, ಲೊಕೇಶನ್ ತಗೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಬಳ್ಳಾರಿಗೆ ಹೋದಾಗ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡ್ಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.