ಅಶ್ವಶಕ್ತಿಯೂ ಅಶ್ವವೂ

ನೀರೆತ್ತುವ ಪಂಪನ್ನು ಕೊಳ್ಳಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಎಚ್.ಪಿ.?’ ಎಂಬುದು. ಎಚ್.ಪಿ. ಎಂದರೆ ಅಶ್ವಶಕ್ತಿ. ಆದರೆ ಆ ಹೆಸರಿಗೆ ಕಾರಣವಾದ ಅಶ್ವವನ್ನು ನಂಬಿ ಬಾಳುವವರು ಇಂದು ವಿರಳ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕೆಲವರು ನಡುವಯಸ್ಸಿನಲ್ಲಿ ಕಚೇರಿಯ ಉದ್ಯೋಗವನ್ನು ತೊರೆದು, ಭಾರವೆಳೆಯುವ ದೊಡ್ಡ ಕುದುರೆಗಳನ್ನು ಸಾಕಲು ಹೊರಡುತ್ತಾರೆ. ಇದು ಹುಚ್ಚೋ ವಿವೇಕವೋ ಎಂದು ತೀರ್ಪು ನೀಡುವ ಮುನ್ನ ಅವರ ಲೆಕ್ಕವನ್ನು ನಾವು ಪರಿಶೀಲಿಸೋಣ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಸಾಮರ್ಥ್ಯವನ್ನು ಗಿರಾಕಿಗಳಿಗೆ ಮನಗಾಣಿಸಲು ಅದನ್ನು ಕುದುರೆಯೊಡನೆ ಹೋಲಿಸಿದನು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವೇ ಅವನ ಅಶ್ವಶಕ್ತಿ. ಇಂದಿನ ಮಾನದಲ್ಲಿ ಸುಮಾರು 746 ವಾಟ್.

ನಿಜವಾದ ಕುದುರೆಗೆ ಇದು ಸಾಧ್ಯವೆ? ದಿನವಿಡೀ ದುಡಿಯುವ ಕುದುರೆ ತನ್ನ ತೂಕದ ಹತ್ತನೆಯ ಒಂದು ಭಾಗದಷ್ಟು ಬಲದಿಂದ ಎಳೆಯಬಲ್ಲದು. 680 ಕಿಲೋಗ್ರಾಂ ತೂಗುವ ಕುದುರೆಯ ಎಳೆತ 68 ಕಿಲೋಗ್ರಾಂ ತೂಕಕ್ಕೆ, ಅಂದರೆ ಸುಮಾರು 666 ನ್ಯೂಟನ್‌ಗಳಿಗೆ ಸಮ. ನಡಿಗೆಯ ವೇಗ ಗಂಟೆಗೆ 4 ಕಿಲೋಮೀಟರ್, ಎಂದರೆ ಸೆಕೆಂಡಿಗೆ 1.11 ಮೀಟರ್. ಇವೆರಡರ ಗುಣಲಬ್ಧ ಸುಮಾರು 740 ವಾಟ್! ದೊಡ್ಡ ಕುದುರೆಯ ಮಟ್ಟಿಗೆ ವಾಟನ ಅಂದಾಜು ಸರಿಯೆಂದೇ ಹೇಳಬೇಕು. ಕೆಲವೇ ಸೆಕೆಂಡುಗಳ ಪರಮಪ್ರಯತ್ನದಲ್ಲಾದರೆ ಕುದುರೆ ಸುಮಾರು 15 ಅಶ್ವಶಕ್ತಿಯನ್ನು ತೋರಬಲ್ಲದೆಂದು 1993ರಲ್ಲಿ ವಿಜ್ಞಾನಿಗಳು ಗಣಿಸಿದರು. ಕೆಸರಿನಲ್ಲಿ ಹೂತ ಬಂಡಿ ಮೇಲೇಳುವುದು ಈ ಗುಣದಿಂದ.

ಇನ್ನು ಆದಾಯದ ಮಾತು. ಎಂಟು ಗಂಟೆ ದುಡಿದ ಕುದುರೆ ಮಾಡುವ ಕೆಲಸ ಸುಮಾರು 6 ಯೂನಿಟ್. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 10 ಯೂನಿಟ್ ಶಾಖ ಹೊರಡುತ್ತದೆ. ಒಳ್ಳೆಯ ಎಂಜಿನ್ ಅದರ ಮೂರನೆಯ ಒಂದು ಭಾಗವನ್ನು ಕೆಲಸವಾಗಿ ಪರಿವರ್ತಿಸುತ್ತದೆ. ಆದುದರಿಂದ ಕುದುರೆಯ ಇಡೀ ದಿನದ ದುಡಿಮೆ ಎರಡು ಲೀಟರ್ ಡೀಸೆಲಿಗೆ ಸಮ! ಎಂಜಿನ್ ನಿಂತಾಗ ಏನನ್ನೂ ಬೇಡುವುದಿಲ್ಲ. ಕುದುರೆಗೆ ಬಿಡುವಿನ ದಿನವೂ ಮೇವು ಬೇಕು. ಟ್ರ್ಯಾಕ್ಟರು ಬಂದೊಡನೆ ಕುದುರೆ ಹಿಂದೆ ಸರಿದುದರಲ್ಲಿ ಆಶ್ಚರ್ಯವಿಲ್ಲ.

ಕಾಲದ ಲೆಕ್ಕ ಇನ್ನೂ ಕಠಿಣ. ನಲವತ್ತೈದರಲ್ಲಿ ಕೆಲಸ ಬಿಟ್ಟವನ ಹೆಣ್ಣುಕುದುರೆ ಆ ವರ್ಷವೇ ಗಬ್ಬವಾದರೆ, ಹನ್ನೊಂದು ತಿಂಗಳಿಗೆ ಸಾಮಾನ್ಯವಾಗಿ ಒಂದೇ ಮರಿ ಹುಟ್ಟುತ್ತದೆ. ಅದಕ್ಕೆ ಮೂರನೆಯ ವಯಸ್ಸಿನ ಸುಮಾರಿಗೆ ನೊಗ ಕಲಿಸಬೇಕು; ಪೂರ್ಣ ದುಡಿಮೆಗೆ ನಾಲ್ಕು ವರ್ಷ ತುಂಬಬೇಕು. ಅಷ್ಟರಲ್ಲಿ ಒಡೆಯನಿಗೆ ಐವತ್ತಾಗಿರುತ್ತದೆ. ಸಂಬಳವಿಲ್ಲದ ಈ ಐದು ವರ್ಷಗಳಿಗೆ ಗಂಟು ಕೂಡಿಸಿಡದವನು ಹೊರಡದಿರುವುದೇ ಲೇಸು.

ಆದರೂ ಹೊರಟವರನ್ನು ನಾವು ನಗಲಾರೆವು. ಇಂಗ್ಲೆಂಡಿನ ಸಫೊಕ್ ತಳಿಯ ಇಂದಿನ ಕುದುರೆಗಳೆಲ್ಲ ಗಂಡುಪೀಳಿಗೆಯಲ್ಲಿ 1768ರಲ್ಲಿ ಹುಟ್ಟಿದ ಒಂದೇ ಕುದುರೆಯ ಸಂತತಿ. 1966ರಲ್ಲಿ ಆ ತಳಿಯಲ್ಲಿ ದಾಖಲಾದ ಮರಿಗಳು ಒಂಬತ್ತು ಮಾತ್ರ! ವರ್ಷಕ್ಕೊಂದು ಮರಿಯಂತೆ ನಿಧಾನವಾಗಿ ಬೆಳೆಯುವ ಇಂಥ ಸಂತತಿ ಒಮ್ಮೆ ಅಳಿದರೆ, ಎಷ್ಟು ಡೀಸೆಲ್ ಉರಿಸಿದರೂ ಮರಳಿ ಬಾರದು. ಅದು ಉಳಿದುದು, ಲಾಭ ಕಾಣದಾಗಲೂ ಲಾಯದಲ್ಲಿ ಮೇವಿಟ್ಟ ಕೆಲವರಿಂದ. ಕೆಟ್ಟ ಎಂಜಿನನ್ನು ಕಾರ್ಖಾನೆ ಮತ್ತೆ ತಯಾರಿಸುತ್ತದೆ. ಅಳಿದ ತಳಿಯನ್ನು ತಯಾರಿಸುವ ಕಾರ್ಖಾನೆ ಎಲ್ಲಿಯೂ ಇಲ್ಲ.