ಆಸ್ಪತ್ರೆಗೆ ಬಾರದ ರೋಗಿ

ವೈದ್ಯವಿದ್ಯೆಯನ್ನು ಕಲಿಯುವುದೆಲ್ಲಿ ಎಂದು ಯಾರಾದರೂ ಕೇಳಿದರೆ, ಕಾಲೇಜಿನ ಪಾಠದ ಕೋಣೆಯಲ್ಲಿ, ಪ್ರಯೋಗಶಾಲೆಯಲ್ಲಿ, ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಉತ್ತರವೇನೋ ಸರಿಯೆ, ಆದರೆ ಅರ್ಧ ಮಾತ್ರ. ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿಯನ್ನು ಅಲ್ಲಿ ನೋಡಬಹುದು. ಬಾರದೆ ಮನೆಯಲ್ಲಿಯೇ ಉಳಿದವನನ್ನು ನೋಡುವುದು ಹೇಗೆ? ಅವನಿರುವಲ್ಲಿಗೆ ನಾವೇ ಹೋಗಬೇಕು. ವೈದ್ಯಕೀಯ, ಶುಶ್ರೂಷೆ ಮೊದಲಾದುವನ್ನು ಕಲಿಯುವ ತರುಣರು ಬೇಸಿಗೆಯ ರಜೆಯ ಕೆಲವು ವಾರಗಳನ್ನಾದರೂ ಹಳ್ಳಿಯಲ್ಲಿ ಕಳೆಯಬೇಕೆಂಬ ವಿಚಾರದ ತಿರುಳು ಇದೇ.

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಯಲಿನಲ್ಲಿ ಅಗರ, ಮಾಂಬಳ್ಳಿ ಮುಂತಾದ ಊರುಗಳು. ಮುಂದೆ ಕಾವೇರಿಯನ್ನು ಕೂಡಿಕೊಳ್ಳುವ ಸುವರ್ಣಾವತಿ ಹೊಳೆ. ಆಚೆಗೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ಕಾಡಿನಲ್ಲಿ ಸೋಲಿಗರ ಪೋಡುಗಳುಂಟು. ಬಯಲು ಮತ್ತು ಬೆಟ್ಟ ಒಂದೊಂದೂ ವೈದ್ಯವಿದ್ಯಾರ್ಥಿಗೆ ಒಂದೊಂದು ಪಾಠವನ್ನು ಕಲಿಸಬಲ್ಲವು.

ಬಯಲಿನ ಪಾಠ ಕುಷ್ಠರೋಗದ್ದು. ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು ಇದರ ರೋಗಾಣುವನ್ನು 1873ರಲ್ಲಿಯೇ ಕಂಡುಹಿಡಿದನು. ಈ ರೋಗಾಣು ಚರ್ಮವನ್ನೂ ಅದರ ನರಗಳನ್ನೂ ಹಿಡಿಯುತ್ತದೆ. ಮೊದಲು ಮೈಮೇಲೆ ತಿಳಿಬಣ್ಣದ ಮಚ್ಚೆಯೊಂದು ಕಾಣಿಸಿಕೊಳ್ಳಬಹುದು. ಅದು ತುರಿಸುವುದಿಲ್ಲ, ನೋಯುವುದಿಲ್ಲ. ‘ನೋವೇ ಇಲ್ಲವಲ್ಲ, ಆಸ್ಪತ್ರೆಗೆ ಯಾಕೆ ಹೋಗಬೇಕು?’ ಎಂದು ರೈತನು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ವಿಪರ್ಯಾಸವೆಂದರೆ, ನೋವಿಲ್ಲದಿರುವುದೇ ಇಲ್ಲಿ ರೋಗದ ಗುರುತು. ರೋಗಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನು ಮೃದುವಾಗಿ ಮುಟ್ಟಿ, ಮುಟ್ಟಿದ ಜಾಗವನ್ನು ತೋರಿಸಲು ಹೇಳುತ್ತಾರೆ. ಅವನು ತೋರಿಸಲಾರದೆ ಹೋದರೆ ನರ ಕೆಟ್ಟಿದೆಯೆಂದು ಊಹಿಸಬೇಕು. ಬೆಲೆಬಾಳುವ ಯಂತ್ರವಿಲ್ಲ, ಒಂದು ಹತ್ತಿಯ ಎಳೆ ಸಾಕು!

ನೋಯದ ರೋಗ ತಾನಾಗಿ ಆಸ್ಪತ್ರೆಗೆ ಬಾರದು. ಮನೆಮನೆಗೆ ಹೋಗಿ ಅದನ್ನು ಹುಡುಕಬೇಕು. ಡಾ. ಎಚ್. ಸುದರ್ಶನ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕೈಗೊಂಡ ಮೊದಲ ಕೆಲಸ ಕುಷ್ಠರೋಗ ನಿವಾರಣೆಯೇ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ ಬಹುಔಷಧ ಚಿಕಿತ್ಸೆ ಆಗ ಕೈಗೆ ಬಂದಿತ್ತು. ಒಂದೇ ಔಷಧವನ್ನು ಕೊಟ್ಟರೆ ರೋಗಾಣುಗಳು ಅದನ್ನು ಎದುರಿಸಿ ಉಳಿಯುವುದನ್ನು ಕಲಿಯುತ್ತವೆ. ಹಲವು ಔಷಧಗಳನ್ನು ಕೂಡಿಸಿ ಕೊಟ್ಟರೆ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಆರು ಇಲ್ಲವೆ ಹನ್ನೆರಡು ತಿಂಗಳ ಚಿಕಿತ್ಸೆಯಿಂದ ರೋಗ ವಾಸಿಯಾಗುತ್ತದೆ. ಆದರೆ ಒಮ್ಮೆ ಸೊಟ್ಟಗಾದ ಬೆರಳನ್ನು ಮಾತ್ರೆಯು ನೇರ ಮಾಡಲಾರದು. ರೋಗವನ್ನು ಬೇಗ ಹುಡುಕುವುದರಲ್ಲಿಯೇ ಎಲ್ಲವೂ ಅಡಗಿದೆ.

ಇನ್ನು ಬೆಟ್ಟದ ಪಾಠ. ಆರೋಗ್ಯವಂತರ ಕೆಂಪು ರಕ್ತಕಣ ದುಂಡಗೆ, ಬಿಲ್ಲೆಯಂತೆ ಇರುತ್ತದೆ. ಕೆಲವರಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೈಕೈಗಳಲ್ಲಿ ತಡೆಯಲಾರದ ನೋವು. ಕಣಗಳು ಬೇಗ ಒಡೆಯುವುದರಿಂದ ರಕ್ತಹೀನತೆ. ಇದೇ ಕುಡುಗೋಲು ಕಣ ರಕ್ತಹೀನತೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಅಮೈನೋ ಆಮ್ಲಗಳುಂಟು. ಅವುಗಳಲ್ಲಿ ಆರನೆಯದೊಂದೇ ಬದಲಾಗುವುದು ಇಷ್ಟೆಲ್ಲ ಸಂಕಟಕ್ಕೆ ಮೂಲವೆಂದು ಇಂಗ್ರಾಮ್ 1957ರಲ್ಲಿ ತೋರಿಸಿಕೊಟ್ಟನು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಸೋಲಿಗರಲ್ಲಿಯೂ ಇದುಂಟು. ಬೆಟ್ಟದಲ್ಲಿ 1981ರಲ್ಲಿ ಡಾ. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇಂಥ ಕಾಯಿಲೆಗಳ ನಡುವೆಯೇ ಬೆಳೆದು ಬಂದಿದೆ.

ಇದರ ಮೊದಲ ಪರೀಕ್ಷೆಯೂ ಸರಳವೇ. ರಕ್ತಕಣವನ್ನು ಒಡೆದು ಆಮ್ಲಜನಕವನ್ನು ಕಸಿದುಕೊಳ್ಳುವ ದ್ರಾವಣಕ್ಕೆ ಹನಿ ರಕ್ತವನ್ನು ಬೆರೆಸುತ್ತಾರೆ. ಕೊಳವೆಯ ಹಿಂದೆ ಗೆರೆ ಎಳೆದ ಕಾಗದವನ್ನು ಹಿಡಿದಾಗ ಗೆರೆಗಳು ಕಂಡರೆ ಸರಿ. ದ್ರಾವಣ ಕದಡಿ ಗೆರೆಗಳು ಮರೆಯಾದರೆ ದೋಷವುಳ್ಳ ಹಿಮೋಗ್ಲೋಬಿನ್ ಇದೆಯೆಂದು ಅರ್ಥ. ಅವನು ರೋಗಿಯೋ ಬರಿಯ ವಾಹಕನೋ ಎಂಬುದನ್ನು ಮಾತ್ರ ಬೇರೆ ಪರೀಕ್ಷೆಯಿಂದಲೇ ನಿರ್ಣಯಿಸಬೇಕು. ವಾಹಕನು ಸಾಮಾನ್ಯವಾಗಿ ಆರೋಗ್ಯವಂತ. ಮಾರಕ ಮಲೇರಿಯದಿಂದ ಅವನಿಗೆ ಕೊಂಚ ರಕ್ಷಣೆಯೂ ಉಂಟು. ಆದರೆ ತಂದೆತಾಯಿ ಇಬ್ಬರೂ ವಾಹಕರಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿ ವಿದ್ಯಾರ್ಥಿಯ ಕೆಲಸವೇನು? ಪೋಡಿನ ಜಗುಲಿಯ ಮೇಲೆ ಕುಳಿತು, ಅಜ್ಜಿಯನ್ನು ಕೇಳಿ ವಂಶವೃಕ್ಷವನ್ನು ಬರೆದುಕೊಳ್ಳುವುದು. ಯಾವ ಮಗು ಎಳವೆಯಲ್ಲಿ ತೀರಿಕೊಂಡಿತು, ಯಾರಿಗೆ ಕೈಕಾಲು ಬಾತು ನೋಯುತ್ತಿತ್ತು ಎಂಬುದು ಆಸ್ಪತ್ರೆಯ ಚೀಟಿಯಲ್ಲಿ ಇರದೆ ಹೋಗಬಹುದು. ಅಜ್ಜಿಯ ನೆನಪಿನಲ್ಲಿ ಇರುತ್ತದೆ. ಇನ್ನೊಂದು ಎಚ್ಚರವೂ ಬೇಕು. ವಾಹಕಳೆಂಬ ಸುದ್ದಿ ಊರಿಗೆಲ್ಲ ಹರಡಿದರೆ ಹುಡುಗಿಯೊಬ್ಬಳ ಮದುವೆಯೇ ನಿಂತುಹೋಗಬಹುದು. ಗುಟ್ಟನ್ನು ಕಾಯುವುದೂ ವೈದ್ಯವಿದ್ಯೆಯ ಅಂಗವೇ.

ವಿದ್ಯಾರ್ಥಿಗಳಿಂದ ಏನಾದೀತು ಎನ್ನುವವರು 1984ನ್ನು ನೆನೆಯಬೇಕು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಡನೆ ಆ ವರ್ಷ ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಕಟ್ಟಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ಅದು ಬೇರೂರಿ, ಸರಗೂರಿನಲ್ಲಿ ಆಸ್ಪತ್ರೆಯಾಗಿ ಬೆಳೆಯಿತು. ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಮೈಸೂರಿಗೆ ಬಂದು ಈ ಸಂಸ್ಥೆಯೊಡನೆ ಜನಾರೋಗ್ಯವನ್ನು ಅಭ್ಯಾಸ ಮಾಡಿದ್ದುಂಟು. ಈಗಂತೂ ವೈದ್ಯಪದವಿಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತ ಬರುವುದು ನಮ್ಮ ದೇಶದ ಪಠ್ಯಕ್ರಮದಲ್ಲಿಯೇ ಸೇರಿದೆ.

ಹಳ್ಳಿಗೆ ಹೋದ ವಿದ್ಯಾರ್ಥಿ ಉಪಕಾರ ಮಾಡಲು ಬಂದೆನೆಂದು ಭಾವಿಸಬಾರದು. ಅವನು ಕಲಿಯಲು ಬಂದವನು. ತನಗೆ ತಿಳಿಯದ ಮದ್ದನ್ನು ಕೊಡುವಂತಿಲ್ಲ. ಆಶಾ ಕಾರ್ಯಕರ್ತೆಯ ಹಿಂದೆ ನಡೆದು, ನೋಡಿ, ಕೇಳಿ, ಬರೆದುಕೊಂಡರೆ ಸಾಕು. ರಜೆ ಮುಗಿದು ಮತ್ತೆ ಕಾಲೇಜಿನ ಬೆಂಚಿನ ಮೇಲೆ ಕುಳಿತಾಗ, ಪುಸ್ತಕದ ‘ರಕ್ತಹೀನತೆ’ ಎಂಬ ಪದಕ್ಕೆ ಒಂದು ಮುಖ ಬಂದಿರುತ್ತದೆ. ಆ ಮುಖವನ್ನು ಮರೆಯದವನೇ ಮುಂದೆ, ಬಾರದ ರೋಗಿಯನ್ನು ಹುಡುಕಿಕೊಂಡು ಹೋಗುವ ವೈದ್ಯನಾಗುತ್ತಾನೆ.