ನಿಮಗಿದು ಗೊತ್ತೆ? ಹಾರುವ ತಟ್ಟೆ ಹುಡುಕಲು 2.2 ಕೋಟಿ ಡಾಲರ್!

ಆಗಸದಲ್ಲಿ ಕಾಣುವ ಗುರುತು ಸಿಗದ ವಸ್ತುಗಳ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆ ಸದ್ದಿಲ್ಲದೆ ಮಾಹಿತಿ ಕಲೆಹಾಕುತ್ತಿತ್ತು ಎಂಬ ಗುಟ್ಟು ರಟ್ಟಾದದ್ದು 2017ರ ಡಿಸೆಂಬರ್‌ನಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ ವರದಿಯಿಂದ. ಸೆನೆಟರ್ ಹ್ಯಾರಿ ರೀಡ್ ಒತ್ತಾಸೆಯಿಂದ ಇದಕ್ಕೆ ಸಿಕ್ಕಿದ್ದು 2.2 ಕೋಟಿ ಡಾಲರ್. ಗುತ್ತಿಗೆ ಹೋದದ್ದು ಅವರದೇ ನೆವಾಡ ರಾಜ್ಯದ ಉದ್ಯಮಿ, ಗೆಳೆಯ ರಾಬರ್ಟ್ ಬಿಗೆಲೊ ಅವರ ಕಂಪನಿಗೆ (ರಾಜಕೀಯ ಎಲ್ಲ ಕಡೆಯೂ ಒಂದೇ!). ಕಂಪನಿ ಬರೆಸಿಕೊಟ್ಟ 38 ಪ್ರಬಂಧಗಳಲ್ಲಿ ಅದೃಶ್ಯವಾಗುವ ವಿದ್ಯೆ, ಬೆಳಕಿಗಿಂತ ವೇಗದ ಪಯಣ ಎಲ್ಲವೂ ಇದ್ದವು. ಯೂಟಾ ರಾಜ್ಯದ ಜಾನುವಾರು ಸಾಕಣೆ ಕೇಂದ್ರವೊಂದರಲ್ಲಿ ಭೂತಚೇಷ್ಟೆಯ ಶೋಧವೂ ನಡೆಯಿತು. ಅನ್ಯಗ್ರಹದ ನೌಕೆಯನ್ನು ಸರ್ಕಾರ ಬಚ್ಚಿಟ್ಟಿದೆ ಎಂಬ ಆರೋಪ ಮಾತ್ರ ನಿಲ್ಲಲಿಲ್ಲ. ಹಳೆಯ ಕಡತಗಳನ್ನೆಲ್ಲ ಜಾಲಾಡಿದ ರಕ್ಷಣಾ ಇಲಾಖೆ (ಪೆಂಟಗನ್), ಅದಕ್ಕೆ ಪುರಾವೆಯೇ ಇಲ್ಲವೆಂದು 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು.